ಎಡಗಡೆಯ ಗೋಡೆ

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಪತ್ರಿಕೆ ಬಾಗಿಲಿಗೆ ಬಂದು ಬಿತ್ತು. ನಾಲ್ಕನೇ ಪುಟದಲ್ಲಿ ಅಕ್ಕ ಬರೆದ ಚಿತ್ರವಿತ್ತು. ಅದರ ಎಡಗಡೆಯ ಮೂರನೇ ಒಂದು ಭಾಗ ಇರಲಿಲ್ಲ.

ಕತ್ತರಿಸಿದವನು ಅವಳ ಸ್ವಂತ ತಮ್ಮ. ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುವುದೇ ‘ಕತ್ತರಿ’ ಎಂದು. ಪುಟ ಕಟ್ಟುವುದು ಅವನ ಕೆಲಸ. ಯಾವ ಸುದ್ದಿ ಎಲ್ಲಿಗೆ, ಯಾವ ಫೋಟೊ ಎಷ್ಟಗಲ, ಯಾವುದರ ಬಾಲ ಎಲ್ಲಿ ಮೊಟಕು ಎಂಬುದನ್ನೆಲ್ಲ ತೀರ್ಮಾನಿಸುವವನು ಅವನೇ. ಫೋಟೊದಲ್ಲಿ ಆಕಾಶ ಜಾಸ್ತಿಯಾದರೆ ಆಕಾಶ ಹಾರುತ್ತಿತ್ತು. ವೇದಿಕೆಯ ಅಂಚಿನಲ್ಲಿ ಗಣ್ಯರು ನಿಂತಿದ್ದರೆ ಗಣ್ಯರೂ ಹಾರುತ್ತಿದ್ದರು. ಅವನ ಮೇಜಿನ ಮೇಲೆ ರಟ್ಟಿನ ಎರಡು ತುಂಡುಗಳು ಸದಾ ಇರುತ್ತವೆ, ಬಡಗಿಯ ಮೂಲೆಮಟ್ಟದ ಆಕಾರದವು. ಎರಡನ್ನೂ ಫೋಟೊದ ಮೇಲೆ ಎದುರುಬದುರಾಗಿ ಇಟ್ಟು ಜರುಗಿಸುತ್ತಾ ಹೋದರೆ ಚೌಕಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಎಲ್ಲಿ ಕತ್ತರಿಸಬೇಕೆಂದು ತಾನಾಗಿ ಕಾಣುತ್ತದೆ. ಕಂಪ್ಯೂಟರ್ ಬಂದ ಮೇಲೆ ಅವುಗಳ ಅಗತ್ಯವಿಲ್ಲ. ಆದರೂ ಅವನು ಬಿಟ್ಟಿಲ್ಲ.

ಹಲ್ಲುಜ್ಜುವ ಮೊದಲೇ ಫೋನ್ ಬಂತು.

“ಪೇಪರ್ ನೋಡ್ದೆ,” ಎಂದಳು ಅಕ್ಕ.

“ಚೆನ್ನಾಗಿ ಬಂದಿದೆ ಅಲ್ವಾ? ಬಣ್ಣ ಒಂಚೂರು ಕೆಂಪಗಾಗಿದೆ. ಅದು ಪ್ರೆಸ್ಸಿನವರ ಕರ್ಮ, ನಂದಲ್ಲ.”

“ಗೋಡೆ ಎಲ್ಲೋ?”

“ಯಾವ ಗೋಡೆ?”

ಅವಳ ಹಿಂದೆ ಭಾವ ಯಾರಿಗೋ ಪತ್ರಿಕೆ ಓದಿ ಹೇಳುತ್ತಿದ್ದುದು ಕೇಳಿಸುತ್ತಿತ್ತು.

“ಎಡಗಡೆ ಗೋಡೆ ಕಣೋ.”

“ಓ, ಅದಾ! ಅಲ್ಲೇನೂ ಇರ್ಲಿಲ್ವಲ್ಲ ಅಕ್ಕಾ. ಕೊನೇ ಗಳಿಗೇಲಿ ಒಂದು ಜಾಹೀರಾತು ಬಂದು ತಲೆ ಮೇಲೆ ಕೂತ್ಕೊಂತು. ಎರಡು ಕಾಲಂಗೆ ಇಳಿಸ್ಬೇಕಾಯ್ತು. ಖಾಲಿ ಇದ್ದಿದ್ದನ್ನ ತೆಗೆದೆ, ಅಷ್ಟೇ.”

“ಖಾಲಿ ಇತ್ತಾ?”

“ಅಂದ್ರೆ... ಗೋಡೆ ಇತ್ತು.”

“ಸರಿ. ಮುಖ ತೊಳ್ಕೋ ಹೋಗು,” ಎಂದು ಅಕ್ಕ ಫೋನ್ ಇಟ್ಟಳು.

ಅಕ್ಕ ಬೈದಿದ್ದರೆ ಕತ್ತರಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯದೆ ಬಿಟ್ಟಳೆಂದರೆ ವಿಷಯ ಹೊಟ್ಟೆಯೊಳಗೆ ಇಳಿದಿದೆ ಎಂದೇ ಅರ್ಥ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಅವಳಿಗೆ. ಕಿಂಡಿಯೊಳಗೆ ಬರುವ ಕೈಗಳ ಜೊತೆ ದಿನವಿಡೀ ಜಗಳವಾಡಿದರೂ ಮನೆಯವರ ಜೊತೆ ಜಗಳವಾಡುವುದು ಅಪರೂಪ. ಐವತ್ತು ದಾಟಿದ ಮೇಲೆ, ಯಾರೂ ಹೇಳದೆ, ನಗರಸಭೆಯ ಕಟ್ಟಡದ ಮಹಡಿಯಲ್ಲಿ ನಡೆಯುವ ಸಂಜೆಯ ಚಿತ್ರಕಲಾ ತರಗತಿಗೆ ಸೇರಿದ್ದಳು. ಈ ಸಲ ಆ ತರಗತಿಯವರೇ ಒಂದು ಪ್ರದರ್ಶನ ಇಟ್ಟಿದ್ದರು. ಅದನ್ನು ನೋಡಲು ಕತ್ತರಿ ಹೋಗಿರಲಿಲ್ಲ. ವರದಿಗಾರ ತಂದ ಫೋಟೊ ಪರದೆಯ ಮೇಲೆ ತೆರೆದುಕೊಂಡಾಗ, ಮೇಜಿನ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದ ಅಮ್ಮನ ಗುರುತು ಹಿಡಿದು, ತೀರಿಹೋದವಳು ಪತ್ರಿಕೆಯಲ್ಲಿ ಬರುತ್ತಿದ್ದಾಳಲ್ಲ ಎಂದು ಖುಷಿಪಟ್ಟು, ಕತ್ತರಿಸಿ, ಮುಂದಿನ ಪುಟಕ್ಕೆ ಹೋಗಿದ್ದ.

ಮಧ್ಯಾಹ್ನ ಭಾವ ಖುದ್ದಾಗಿ ಕಚೇರಿಗೆ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ ಸದ್ದಿನ ನಡುವೆ ಕೂಗಿ ಕೂಗಿ, ಗುಟ್ಟು ಹೇಳುವಾಗಲೂ ಊರಿಗೆಲ್ಲ ಕೇಳಿಸುವ ಗಂಟಲು.

“ಏನಯ್ಯಾ ಬಾಮೈದ, ನಿನ್ನ ಕೈಗುಣವೇ ಕೈಗುಣ! ಚಿತ್ರ ಆಯ್ಕೆ ಆಯ್ತು!”

“ಯಾವ ಆಯ್ಕೆ ಭಾವ?”

“ಗ್ರಂಥಾಲಯದ್ದು! ಹೊಸ ವಾಚನಾಲಯಕ್ಕೆ ಒಂದು ಚಿತ್ರ ಬೇಕು ಅಂತ ಹುಡುಕ್ತಿದ್ರಲ್ಲ. ಕಾರ್ಯದರ್ಶಿಗಳು ಬೆಳಿಗ್ಗೆ ಪೇಪರ್ ನೋಡಿದ್ದೇ ತಡ, ‘ಇದೇ ಬೇಕು’ ಅಂತ ಫೋನ್ ಮಾಡಿದ್ರು. ದಿನಾ ಜನ ಬಂದು ಕೂತು ನೋಡ್ತಾರೆ ಕಣಯ್ಯಾ, ನಿಮ್ಮಕ್ಕನ ಚಿತ್ರಾನ! ಕ್ಷೌರದಂಗಡೀಲಿ ಆಗ್ಲೇ ಹೇಳಿಬಿಟ್ಟಿದ್ದೀನಿ.”

ಕ್ಷೌರದಂಗಡಿಯಲ್ಲಿ ಹೇಳಿದ ಮೇಲೆ ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಅದು ಕತ್ತರಿಗೂ ಗೊತ್ತು.

“ಮತ್ತೆ ಅಕ್ಕ ಯಾಕೆ ಮಾತಾಡ್ತಿಲ್ಲ?”

ಭಾವನ ಗಂಟಲು ಮೊದಲ ಬಾರಿ ತಗ್ಗಿತು. “ಅಲ್ಲೇ ಇರೋದು ತೊಡಕು. ಚಿತ್ರ ಹಾಕೋದು ಎರಡು ಕಿಟಕಿ ಮಧ್ಯ. ಇಡೀ ಚಿತ್ರ ಅಲ್ಲಿ ಹಿಡಿಸಲ್ಲ, ಪೇಪರ್‌ನಲ್ಲಿ ಬಂದಷ್ಟು ಮಾತ್ರ ಹಿಡಿಸತ್ತೆ. ಫ್ರೇಮ್ ಹಾಕೋನನ್ನ ಕೇಳ್ದೆ. ಕತ್ತರಿಸೋದೇ ಬೇಡ್ವಂತೆ. ಕ್ಯಾನ್ವಾಸ್ ಬಿಚ್ಚಿ, ಎಡಗಡೆದನ್ನ ಮರದ ಹಿಂದಕ್ಕೆ ಮಡಚಿ ಮೊಳೆ ಹೊಡೆದ್ರೆ ಮುಗೀತಂತೆ. ಗುರುವಾರ ಮಧ್ಯಾಹ್ನದೊಳಗೆ ಹೇಳ್ಬೇಕು. ಇವಳು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಕೊನೆಗೆ ಒಂದು ಮಾತು ಹೇಳಿ ಕಳ್ಸಿದ್ದಾಳೆ.”

“ಏನಂತೆ?”

“‘ಕತ್ತರಿಸಿದೋನು ಅವನು. ಮಡಚಬೇಕಾ ಬೇಡ್ವಾ ಅಂತ ಅವನೇ ಹೇಳ್ಲಿ. ಆದ್ರೆ ನೋಡಿ ಹೇಳ್ಲಿ’ ಅಂದ್ಳು. ನೀನು ಮಡಚು ಅಂತ ಹೇಳಿಬಿಡಯ್ಯ. ಗೋಡೆ ಹೋದ್ರೆ ಗಂಟೇನು ಹೋಗತ್ತೆ?”

ಹಾಗೆಂದೇ ಹೇಳಿಬಿಡಬೇಕೆಂದು ಕತ್ತರಿಯ ನಾಲಿಗೆಯ ತುದಿಗೆ ಬಂದಿತ್ತು. ಕತ್ತರಿಸಿದ್ದು ತಪ್ಪೆಂದು ಅವನಿಗೆ ಆಗಲೂ ಅನಿಸಿರಲಿಲ್ಲ. ಪುಟದ ಮೇಲೆ ಚಿತ್ರ ಬಿಗಿಯಾಗಿತ್ತು, ಎದ್ದು ಕಾಣುತ್ತಿತ್ತು. ತಡೆದದ್ದು ‘ನೋಡಿ ಹೇಳ್ಲಿ’ ಎಂಬ ಮಾತು. ಕಾರಣ ಕೇಳಿದರೆ ಕೊಡಲಾಗದ ಕಡೆ ಅವನು ಕತ್ತರಿ ಹಾಕಿದವನಲ್ಲ. ಇಲ್ಲಿ ಅವನ ಬಳಿ ಇದ್ದ ಕಾರಣ ಒಂದೇ, ಜಾಹೀರಾತು.

ಕಚೇರಿಯ ಇನ್ನೊಂದು ತುದಿಯಲ್ಲಿ ಕಲಾಪುಟದ ಮೇಡಂ ಊಟದ ಡಬ್ಬಿ ಮುಚ್ಚುತ್ತಿದ್ದರು. ಪ್ರತಿವಾರ ಚಿತ್ರ, ಶಿಲ್ಪಗಳ ಬಗ್ಗೆ ಬರೆಯುವವರು. ಅವರ ಲೇಖನದ ಕೊನೆಯ ಪ್ಯಾರಾವನ್ನು ಕತ್ತರಿ ಎಷ್ಟೋ ಬಾರಿ ಹಾರಿಸಿದ್ದ. ಅವರು ಅದನ್ನು ಮರೆತಿರಲಿಲ್ಲ.

“ಮೇಡಂ, ಚಿತ್ರ ನೋಡೋದು ಹೇಗೆ?”

“ಕಣ್ಣಿಂದ.”

“ತಮಾಷೆ ಬೇಡ ಮೇಡಂ. ಏನೂ ಗೊತ್ತಿಲ್ಲದೋನು ಕೇಳ್ತಿದ್ದೀನಿ.”

“ಗೊತ್ತಿಲ್ಲ ಅಂತ ನೀನು ಒಪ್ಕೊಂಡಿದ್ದನ್ನ ಮುಖಪುಟಕ್ಕೆ ಹಾಕ್ಬೇಕು,” ಎಂದರು ಮೇಡಂ. ಅವನ ಮುಖ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ಜಾಗ ಕೊಟ್ಟರು. ಅವನು ವಿಷಯ ಹೇಳಿದ.

“ಪೊಲೀಸರು ಮಹಜರು ಬರೀತಾರಲ್ಲ, ಹಾಗೆ ಶುರು ಮಾಡು. ಎಲ್ಲಿ ಏನಿದೆ, ಅಷ್ಟೇ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋದು ಬಾಯಿಗೆ ಬಂದ್ರೆ ನುಂಗ್ಕೋ. ಅದು ಬಂದ್ರೆ ನೋಡೋದು ನಿಂತುಹೋಗತ್ತೆ. ಆಮೇಲೆ ಕಣ್ಣನ್ನ ಮೇಯೋಕೆ ಬಿಡು. ಮೊದಲು ಎಲ್ಲಿಗೆ ಹೋಯ್ತು, ಅಲ್ಲಿಂದ ಎಲ್ಲಿಗೆ ಜಾರ್ತು, ಎಲ್ಲಿ ತಿರುಗಿ ತಿರುಗಿ ಬರ್ತಿದೆ, ಅದನ್ನ ಗಮನಿಸು.”

“ಎಷ್ಟು ಹೊತ್ತು?”

“ಬೇಜಾರಾಗೋವರೆಗೆ. ಬೇಜಾರಾದ ಮೇಲೆ ಇನ್ನೊಂದ್ಸಲ. ನಿಜವಾಗಿ ನೋಡೋದು ಆಗ ಶುರುವಾಗತ್ತೆ.”

“ಬೆಲೆ ಕಟ್ಟೋದು?”

“ತಡಿ, ಅಲ್ಲಿಗೇ ಬಂದೆ. ಬರೆದವರು ಏನು ಮಾಡೋಕೆ ಹೊರಟಿದ್ರು ಅಂತ ಮೊದಲು ಊಹಿಸು. ನಿನಗೇನು ಬೇಕಿತ್ತು ಅಂತಲ್ಲ. ಕುರ್ಚಿ ಮಾಡಿದವನ ಹತ್ರ ಹೋಗಿ, ಇದ್ರಲ್ಲಿ ಮಲಗೋಕಾಗಲ್ಲ ಅಂತ ಬೈಯೋಕಾಗತ್ತಾ? ಹೊರಟ ಕಡೆ ಮುಟ್ಟಿದ್ರಾ ನೋಡು. ಮುಟ್ಟಿದ್ರೆ, ಅದು ಹೋಗೋಕೆ ಲಾಯಕ್ಕಾದ ಜಾಗವಾ ಅಂತ ಕೇಳ್ಕೋ. ನಿನಗೆ ಇಷ್ಟವಾಯ್ತಾ ಇಲ್ವಾ ಅನ್ನೋದು ಕಟ್ಟಕಡೆಗೆ. ಅದಕ್ಕೂ ಬೆಲೆ ಇದೆ, ಇಲ್ಲ ಅಂತಲ್ಲ. ಆದ್ರೆ ಸರದಿಯಲ್ಲಿ ಬರ್ಲಿ.”

“ಖಾಲಿ ಜಾಗ ಇದ್ರೆ?”

“ಕೈಯಿಂದ ಮುಚ್ಚಿ ನೋಡು. ಮುಚ್ಚಿದಾಗ ಉಳಿದ ಚಿತ್ರ ಏನೂ ಕಳ್ಕೊಳ್ಳದಿದ್ರೆ ಅದು ಖಾಲಿ. ಕಳ್ಕೊಂಡ್ರೆ ಅದಕ್ಕೇನೋ ಕೆಲಸ ಇತ್ತು.”

ಕತ್ತರಿ ಎದ್ದ. ಮೇಡಂ ಹಿಂದಿನಿಂದ ಕರೆದರು. “ಇನ್ನೊಂದು ಮಾತು. ಬರೆದೋಳು ಅಕ್ಕ, ಕೂತಿರೋಳು ಅಮ್ಮ ಅನ್ನೋದನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಹೋಗು. ನಿನಗೆ ಗೊತ್ತಿರೋದಕ್ಕೆ ಅಂಕ ಇಲ್ಲ. ಅಲ್ಲಿ ಕಾಣೋದಕ್ಕೆ ಮಾತ್ರ.”

ಬುಧವಾರ ಪ್ರದರ್ಶನದ ಕೊನೆಯ ದಿನ. ಮಧ್ಯಾಹ್ನ ಮೂರರ ಹೊತ್ತಿಗೆ ಕತ್ತರಿ ನಗರಸಭೆಯ ಮೆಟ್ಟಿಲು ಹತ್ತಿದ. ಉದ್ದನೆಯ ಕೋಣೆ; ಒಂದು ತುದಿಯಲ್ಲಿ ಪಶ್ಚಿಮದ ಕಿಟಕಿ, ಇನ್ನೊಂದು ತುದಿಯಲ್ಲಿ ಮಡಚಿ ಒರಗಿಸಿದ ಕುರ್ಚಿಗಳು. ಚಿತ್ರಗಳನ್ನು ದಾರ ಕಟ್ಟಿ ಮೊಳೆಗಳಿಗೆ ನೇತುಹಾಕಿದ್ದರು. ಬಾಗಿಲಲ್ಲಿ ಕಾವಲುಗಾರನೊಬ್ಬ ಪದಬಂಧ ತುಂಬಿಸುತ್ತಿದ್ದ. ಅಕ್ಕನ ಚಿತ್ರ ಕಿಟಕಿಗೆ ಹತ್ತಿರವಿತ್ತು. ಪಕ್ಕದಲ್ಲಿ ತರಗತಿಯ ಇನ್ನೊಬ್ಬರು ಬರೆದ ದೋಣಿಗಳು.

ಅವನು ಒಂದು ಕುರ್ಚಿ ಬಿಡಿಸಿ ಎದುರಿಗೆ ಹಾಕಿಕೊಂಡು ಮಹಜರು ಶುರು ಮಾಡಿದ. ಬಲಗಡೆ ಮೇಜು. ಮೇಜಿನ ಹಿಂದೆ ಮುದುಕಿ. ಮೈ ನೇರ, ಮುಖ ಎಡಕ್ಕೆ. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ದಾರ. ಮೇಜಿನ ಮೇಲೆ ಬಟ್ಟೆಯ ಮುದ್ದೆ, ಗುಂಡಿಗಳ ಡಬ್ಬಿ. ಬಲಗಡೆಯ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದ ಬೆಕ್ಕು, ಸುರುಳಿ ಸುತ್ತಿ ಮಲಗಿದೆ. ಎಡಗಡೆ ಖಾಲಿ ಗೋಡೆ.

ಅಲ್ಲಿಗೆ ಮಹಜರು ಮುಗಿದಿತ್ತು. ಅವನಿಗೆ ಬೇಜಾರೂ ಆಯಿತು. ಮೇಡಂ ಹೇಳಿದ್ದು ನೆನಪಾಗಿ ಎರಡನೇ ಸಲ ಶುರು ಮಾಡಿದ. ಈ ಸಲ ತನ್ನದೇ ಮಹಜರಿನಲ್ಲಿ ಒಂದು ಅಕ್ರಮ ಸಿಕ್ಕಿತು. ಎಲ್ಲವನ್ನೂ ‘ಇದೆ’ ಎಂದು ಬರೆದವನು ಗೋಡೆಯನ್ನು ಮಾತ್ರ ‘ಖಾಲಿ’ ಎಂದಿದ್ದ. ಅದು ಮಹಜರಲ್ಲ, ತೀರ್ಪು. ಹಾಗಾದರೆ ಅಲ್ಲಿ ಏನಿದೆ? ಬಣ್ಣವಿದೆ. ಎಂಥ ಬಣ್ಣ? ತೀರ ಎಡಗಡೆಯ ಅಂಚಿನಲ್ಲಿ ಬೆಣ್ಣೆಯಂಥ ಬಿಳುಪು. ಒಂದು ಗೇಣು ಈಚೆಗೆ ಬಂದರೆ ಹಳದಿ. ಅಲ್ಲಿಂದ ಬೂದಿ. ಮುದುಕಿಯ ಭುಜದ ಬಳಿ ಬರುವ ಹೊತ್ತಿಗೆ ಕಂದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ. ಕಿಟಕಿಯನ್ನು ಅಕ್ಕ ಬರೆದೇ ಇರಲಿಲ್ಲ. ಅದು ಚಿತ್ರದ ಹೊರಗೆಲ್ಲೋ ಇತ್ತು. ಒಳಗೆ ಬಂದದ್ದು ಬೆಳಕು ಮಾತ್ರ. ಬಂದು, ಗೋಡೆಯುದ್ದಕ್ಕೂ ನಡೆದು, ದಣಿದು, ಮುದುಕಿಯನ್ನು ಮುಟ್ಟುವಾಗ ಇನ್ನೇನು ಮುಗಿಯುವುದರಲ್ಲಿತ್ತು.

ಚೀಲದಿಂದ ಸೋಮವಾರದ ಪತ್ರಿಕೆ ತೆಗೆದು ಗೋಡೆಯನ್ನು ಮುಚ್ಚಿ ಹಿಡಿದ. ಈಚೆ ಬದಿಯಲ್ಲಿ ಕಣ್ಣು ಮಂಜಾದ ಒಬ್ಬ ಅಜ್ಜಿ ಉಳಿದಳು, ಪಾಪ ಅನ್ನಿಸುವಂಥವಳು. ಪತ್ರಿಕೆ ತೆಗೆದ. ಅಜ್ಜಿ ಹೋಗಿ, ಅಷ್ಟು ದೂರದಿಂದ ಬರುವ ಬೆಳಕಿಗೆ ಸೂಜಿಯನ್ನು ಎತ್ತಿ ಒಡ್ಡಿ ಕಾಯುತ್ತಿರುವ ಹೆಂಗಸು ಬಂದಳು. ಸೂಜಿಯನ್ನೂ ಅಕ್ಕ ಬರೆದಿರಲಿಲ್ಲ. ಎರಡು ಬೆರಳುಗಳ ನಡುವೆ ಒಂದು ಬಿಳಿಯ ಚುಕ್ಕೆ, ಅಷ್ಟೇ. ಅಚ್ಚಿನಲ್ಲಿ ಅದು ಮಾಯವಾಗಿತ್ತು. ಆ ಚುಕ್ಕೆಯ ಬಿಳುಪು, ತೀರ ಎಡಗಡೆಯ ಅಂಚಿನ ಬಿಳುಪು, ಎರಡೂ ಒಂದೇ. ನಡುವಿನ ಗೋಡೆ ತೆಗೆದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಆದರೂ ಅವನ ಕಸುಬು ಸುಮ್ಮನಿರಲಿಲ್ಲ. ಮೇಜಿನಿಂದ ಚೀಲಕ್ಕೆ ಹಾಕಿಕೊಂಡು ಬಂದಿದ್ದ ರಟ್ಟಿನ ತುಂಡುಗಳನ್ನು ತೆಗೆದು ಒಂದು ಕಣ್ಣು ಮುಚ್ಚಿ ಹಿಡಿದ. ಕಾಲು ಭಾಗ ಗೋಡೆ ತೆಗೆದರೆ? ಅರ್ಧ? ಬರೀ ಅಂಚು? ಎಲ್ಲಿ ತಂದು ನಿಲ್ಲಿಸಿದರೂ ಬೆಳಕಿನ ಪ್ರಯಾಣ ಮೊಟಕಾಗುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಎಳೆಯಷ್ಟೂ ಒಳಕ್ಕೆ ಜರುಗಿಸಲಾಗದೆ ರಟ್ಟು ಕೆಳಗಿಟ್ಟದ್ದು ಅವನಿಗೆ ನೆನಪಿರಲಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿಗಳು ಅಳತೆ ಟೇಪು ಹಿಡಿದು ಬಂದರು. ಉತ್ಸಾಹದ ಮನುಷ್ಯ. ಕತ್ತರಿಯ ಗುರುತು ಹೇಳಿಸಿಕೊಂಡು ಕೈ ಕುಲುಕಿದರು.

“ನಿಮ್ಮ ಪೇಪರ್ ನೋಡದೇ ಇದ್ದಿದ್ರೆ ನಾವು ಈ ಕಡೆ ತಲೆ ಹಾಕ್ತಾನೇ ಇರ್ಲಿಲ್ಲ. ಆ ಬೆಕ್ಕು ನೋಡಿ! ಇನ್ನೇನು ಎದ್ದು ಮೈ ಮುರಿಯತ್ತೆ. ವಾಚನಾಲಯಕ್ಕೆ ಬರೋ ಮಕ್ಕಳಿಗೆ ಎಷ್ಟು ಖುಷಿಯಾಗತ್ತೆ!”

“ಸರ್, ಇದನ್ನ ಮಡಚಿದ್ರೆ ಕೆಟ್ಟುಹೋಗತ್ತೆ. ಗೋಡೆ ಬೇಕು.”

“ಗೋಡೆ ನಮ್ಮಲ್ಲೇ ಬೇಕಾದಷ್ಟಿದೆ ಸ್ವಾಮಿ!” ಎಂದು ಅವರು ನಕ್ಕರು.

ಕತ್ತರಿ ನಗಲಿಲ್ಲ. ಪತ್ರಿಕೆಯಿಂದ ಮುಚ್ಚಿ ತೋರಿಸಿದ, ತೆಗೆದು ತೋರಿಸಿದ. ಕಾರ್ಯದರ್ಶಿಗಳು ಎರಡು ಸಲವೂ ಬೆಕ್ಕನ್ನೇ ನೋಡಿದರು. ಆದರೆ ಕೆಟ್ಟವರಲ್ಲ. “ಅಷ್ಟು ಹೇಳ್ತೀರಾದ್ರೆ ಬಾಗಿಲ ಪಕ್ಕದ ಗೋಡೇಲಿ ಇಡಿಯಾಗಿ ಹಿಡಿಸತ್ತೆ. ಅಲ್ಲಿ ನೋಟಿಸ್ ಬೋರ್ಡ್ ಇದೆ. ಆ ಬೆಕ್ಕಿಗೋಸ್ಕರ ಬೋರ್ಡ್ ಸರಿಸ್ತೀನಿ, ಹೋಗ್ಲಿ. ನಾಳೆ ಮಧ್ಯಾಹ್ನ ಕಳಿಸಿಕೊಡಿ,” ಎಂದು ಅಳೆದುಕೊಂಡು ಹೋದರು.

ಅಲ್ಲಿಗೆ ಎಲ್ಲವೂ ಸುಖಾಂತವಾಗಿತ್ತು. ಚಿತ್ರ ಮಡಚಬೇಕಾಗಿಲ್ಲ, ವಾಚನಾಲಯವೂ ಸಿಕ್ಕಿತು, ಕ್ಷೌರದಂಗಡಿಯಲ್ಲಿ ಭಾವನ ಮಾನವೂ ಉಳಿಯಿತು. ಕತ್ತರಿ ಕುರ್ಚಿಗೆ ಮರಳಿ ಬಂದು ಕುಳಿತ. ತೊಂದರೆಯೆಂದರೆ ಕಣ್ಣನ್ನು ಮೇಯಲು ಬಿಟ್ಟಿದ್ದ. ಅದೀಗ ಹೇಳಿದ ಮಾತು ಕೇಳುತ್ತಿರಲಿಲ್ಲ. ಗೋಡೆಯ ಗುಂಟ ಬಂದು, ಚುಕ್ಕೆಯ ಬಳಿ ನಿಂತು, ಅಲ್ಲೇ ಇರಬೇಕಾದದ್ದು ಪ್ರತಿಸಲವೂ ಕೆಳಗೆ ಜಾರಿ ಕಿತ್ತಳೆ ಬೆಕ್ಕಿನ ಮೇಲೆ ಬೀಳುತ್ತಿತ್ತು. ಅವನು ಹೆಬ್ಬೆರಳು ಚಾಚಿ ಬೆಕ್ಕನ್ನು ಮುಚ್ಚಿದ. ಚಿತ್ರ ಏನನ್ನೂ ಕಳೆದುಕೊಳ್ಳಲಿಲ್ಲ. ಬೆರಳು ತೆಗೆದ. ಬೆಕ್ಕು ಮುದ್ದಾಗಿಯೇ ಇತ್ತು.

ಐದು ಗಂಟೆಗೆ ಪಾಳಿ ಮುಗಿಸಿ ಅಕ್ಕ ಬಂದಳು. ಕೈಚೀಲ ಕೆಳಗಿಡದೆ ನಿಂತಳು.

“ನೋಡಿದ್ಯಾ?”

“ನೋಡ್ದೆ.”

“ಮಡಚೋದಾ?”

“ಬೇಡ,” ಎಂದ ಅವನು. ಕಾರಣಗಳನ್ನು ಒಂದೊಂದಾಗಿ ಹೇಳಿದ: ಅಂಚಿನ ಬಿಳುಪು, ಚುಕ್ಕೆಯ ಬಿಳುಪು, ನಡುವೆ ದಣಿಯುವ ಬೆಳಕು. “ನೀನು ಬರೆದಿರೋದು ಅಮ್ಮನ್ನಲ್ಲ. ಅಮ್ಮನ ಹತ್ರ ಬರೋ ಬೆಳಕನ್ನ. ನಾನು ಹಾದಿ ಕತ್ತರಿಸಿ, ಮುಟ್ಟಿದ ಜಾಗ ಮಾತ್ರ ಅಚ್ಚು ಹಾಕ್ದೆ.”

ಅಕ್ಕ ಕೈಚೀಲ ಕೆಳಗಿಟ್ಟಳು. ಅವನು ಕಾರ್ಯದರ್ಶಿಗಳ ಮಾತು ಹೇಳಿದಾಗ ಅವಳ ಮುಖ ಚಿಕ್ಕ ಹುಡುಗಿಯ ಹಾಗೆ ಅರಳಿತು. “ಇಡಿಯಾಗೇ ಹಾಕ್ತಾರಾ? ಬಾಗಿಲ ಪಕ್ಕ? ಒಳಗೆ ಬರೋರೆಲ್ಲ ನೋಡ್ಲೇಬೇಕಲ್ಲೋ!”

“ನೋಡ್ಲೇಬೇಕು.”

“ಇನ್ನೇನಾದ್ರೂ ಇದ್ಯಾ ಹೇಳೋದು?”

ಇಲ್ಲ ಎಂದುಬಿಟ್ಟಿದ್ದರೆ ಮುಗಿದಿತ್ತು. ಕತ್ತರಿ ದೋಣಿಗಳ ಚಿತ್ರವನ್ನು ನೋಡಿದ, ಕಾವಲುಗಾರನನ್ನು ನೋಡಿದ. ನೋಡಿ ಹೇಳು ಎಂದವಳು ಎದುರಿಗೇ ನಿಂತಿದ್ದಳು.

“ಬೆಕ್ಕು ಬೇಡ ಅಕ್ಕಾ.”

“ಏನು ಬೇಡ?”

“ಬೆಕ್ಕು. ಚೆನ್ನಾಗೇನೋ ಇದೆ. ಆದ್ರೆ ಅದು ಬೇರೆ ಚಿತ್ರದ್ದು. ಬೆಳಕು ಅಷ್ಟು ಕಷ್ಟಪಟ್ಟು ಅಮ್ಮನ ಕೈವರೆಗೆ ಬರತ್ತೆ. ಇದು ಮೂಲೇಲಿ ತಾನೇ ದೀಪ ಹಚ್ಕೊಂಡು ಮಲಗಿದೆ. ಮತ್ತೆ, ನಮ್ಮನೇಲಿ ಬೆಕ್ಕು ಯಾವತ್ತಿತ್ತು? ಅಮ್ಮ ಬೆಕ್ಕು ಕಂಡ್ರೆ ಪೊರಕೆ ತಗೋತಿದ್ಲು.”

ಅಕ್ಕನ ಮುಖ ಗಂಟಾಯಿತು. “ಕ್ಲಾಸಿನ ಮೇಷ್ಟ್ರು ಮೂಲೆ ಬಣಗುಟ್ತಿದೆ, ಏನಾದ್ರೂ ಹಾಕಿ ಅಂದ್ರು. ಹಾಕ್ದೆ. ಬಂದವರೆಲ್ಲ ಮೆಚ್ಚಿದ್ದೇ ಅದನ್ನ. ನಿನ್ನ ಭಾವನೂ ಅದನ್ನೇ ಹೊಗಳಿದ್ದು. ಮೊನ್ನೆ ಗೋಡೆ ತೆಗೆದೆ, ಇವತ್ತು ಬೆಕ್ಕು. ನಾಳೆ ಅಮ್ಮನ್ನೂ ತೆಗೆದು ಬರೀ ಮೇಜು ಉಳಿಸ್ತೀಯಾ?”

“ನೋಡಿ ಹೇಳು ಅಂದೆ. ಹೇಳ್ದೆ.”

“ಹೇಳು ಅಂದ್ರೆ ಇಷ್ಟೆಲ್ಲಾನಾ?”

ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು. ಹೊತ್ತು ಇಳಿದಿತ್ತು. ಬಿಸಿಲು ಪಶ್ಚಿಮದ ಕಿಟಕಿಯಿಂದ ಓರೆಯಾಗಿ ಬಂದು ಕ್ಯಾನ್ವಾಸನ್ನು ಸವರುತ್ತಿತ್ತು. ಏನು ಮಾಡಬೇಕೆಂದು ತೋಚದೆ ಕತ್ತರಿ ಚಿತ್ರದ ಹತ್ತಿರ ಹೋದ. ಎದುರಿನಿಂದ ನೋಡಿದಾಗ ನುಣ್ಣಗಿದ್ದ ಗೋಡೆಯಲ್ಲಿ ಈಗ ಉಬ್ಬುಗಳು ಕಾಣಿಸಿದವು. ಮೇಲಿನ ಬಣ್ಣದ ಕೆಳಗೆ ಹಳೆಯ ಬಣ್ಣದ ಏಣು. ಅಡ್ಡಕ್ಕೆ ಒಂದು ನೇರ ಗೆರೆ. ಅದರ ಮೇಲೆ ದುಂಡಗೆ ಏನೋ.

“ಅಕ್ಕಾ, ಇಲ್ಲಿ ಏನೋ ಇತ್ತು.”

“ಇತ್ತು,” ಎಂದಳು ಅವಳು ತಿರುಗದೆ. “ನೀನಿದ್ದೆ.”

ಅವನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಆ ಗೆರೆ ಮೇಜಾಯಿತು, ದುಂಡನೆಯದು ಬಗ್ಗಿದ ತಲೆಯಾಯಿತು. ಅವರು ಬೆಳೆದ ಮನೆಯಲ್ಲಿ ಇದ್ದ ಕಿಟಕಿ ಒಂದೇ. ಅವನಿಗೆ ಓದಲು ಬೆಳಕು ಬೇಕೆಂದು ಅಮ್ಮನೇ ಅವನ ಮೇಜನ್ನು ಕಿಟಕಿಯ ಬಳಿ ಹಾಕಿಸಿದ್ದಳು. ತಾನು ಕೋಣೆಯ ಆ ಕೊನೆಯಲ್ಲಿ ಕುಳಿತು ಹೊಲಿಯುತ್ತಿದ್ದಳು. ಅವಳು ಸೂಜಿಯನ್ನು ಅಷ್ಟು ಮೇಲಕ್ಕೆತ್ತಿ ಹಿಡಿಯುತ್ತಿದ್ದುದನ್ನು ಅವನು ನೋಡಿದವನಲ್ಲ. ಅವನ ಬೆನ್ನು ಆ ಕಡೆಗಿರುತ್ತಿತ್ತು.

“ಮೊದಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಗೋಡೆ ನೋಡ್ತಿದ್ಯಾ? ನಿನ್ನನ್ನೇ ನೀನು ಹುಡುಕ್ತಿದ್ದೆ. ಪಕ್ಷಪಾತ ಆಗಿಬಿಡ್ತಿತ್ತು.”

“ತೆಗೆದಿದ್ದು ಯಾಕೆ ಮತ್ತೆ?”

“ನಿನ್ನ ಮೂಗು ಬರ್ಲೇ ಇಲ್ಲ,” ಎಂದಳು ಅಕ್ಕ. “ನಾಲ್ಕು ಸಲ ಬರ್ದೆ. ಪ್ರತಿಸಲ ಆಲೂಗಡ್ಡೆ ಥರ ಆಗ್ತಿತ್ತು. ಐದನೇ ಸಲ ಸಿಟ್ಟು ಬಂದು ಮೇಲೆ ಬಣ್ಣ ಬಳಿದುಬಿಟ್ಟೆ. ಮಾರನೇ ದಿನ ಬಂದು ನೋಡ್ತೀನಿ, ನೀನು ಇಲ್ದಿದ್ರೇನೇ ಬೆಳಕು ಅಮ್ಮನ ಹತ್ರ ಹೋಗ್ತಿದೆ. ಹಾಗೇ ಬಿಟ್ಟೆ.”

ಕತ್ತರಿಗೆ ನಗು ಬಂತು. ಜೊತೆಗೆ ಇನ್ನೇನೋ ಬಂತು. ಅದನ್ನು ಅವನು ಕೆಮ್ಮಿ ಕಳೆದ. ಮೇಡಂ ಹೇಳಿದ್ದು ಸರಿ: ಈಗ ತಿಳಿದದ್ದಕ್ಕೆ ಅಂಕವಿಲ್ಲ. ಹೊರಗಿನ ಯಾರೇ ಬಂದು ನಿಂತರೂ ಅಲ್ಲಿ ಮೇಜು ಕಾಣುವುದಿಲ್ಲ, ಬೆಳಕಷ್ಟೇ ಕಾಣುತ್ತದೆ. ಅದಷ್ಟೇ ಸಾಕು. ತೀರ್ಪು ತಿದ್ದಬೇಕಾದ್ದೇನೂ ಇರಲಿಲ್ಲ.

ಅಕ್ಕ ಬಂದು ಅವನ ಪಕ್ಕದಲ್ಲಿ ನಿಂತಳು. ಹೆಬ್ಬೆರಳು ಚಾಚಿ ಬೆಕ್ಕನ್ನು ಮುಚ್ಚಿದಳು. ತೆಗೆದಳು. ಮತ್ತೆ ಮುಚ್ಚಿದಳು. ಕಾವಲುಗಾರ ಬಾಗಿಲು ಹಾಕುವ ಹೊತ್ತಾಯಿತೆಂದು ಬೀಗದಕೈ ಗೊಂಚಲು ಅಲ್ಲಾಡಿಸಿದ.

“ಬೆಕ್ಕು ಹೋದ್ರೆ ವಾಚನಾಲಯನೂ ಹೋಗಬಹುದು ಅಕ್ಕಾ,” ಎಂದ ಕತ್ತರಿ. “ಅವರು ಬೋರ್ಡ್ ಸರಿಸ್ತೀನಿ ಅಂದಿದ್ದು ಅದಕ್ಕೋಸ್ಕರ.”

“ಗೊತ್ತು.”

“ಹಾಗೇ ಬಿಟ್ರೂ ಯಾರೂ ಏನೂ ಅನ್ನಲ್ಲ. ನಾನೂ ಅನ್ನಲ್ಲ.”

“ನೀನು ಅಂದಾಯ್ತಲ್ಲ,” ಎಂದಳು ಅಕ್ಕ. ಚಿತ್ರವನ್ನು ಮೊಳೆಯಿಂದ ಇಳಿಸಿ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. “ಹಿಡ್ಕೋ. ಒಡಹುಟ್ಟಿದ ತಮ್ಮನ್ನೇ ಬಳಿದು ಹಾಕಿದೋಳಿಗೆ ಬೆಕ್ಕು ಯಾವ ಲೆಕ್ಕ?”

ಗುರುವಾರ ಬೆಳಿಗ್ಗೆ ಅವಳು ರಜೆ ಹಾಕಿ ಮೂಲೆಗೆ ಕಂದು ಬಣ್ಣ ಬಳಿದಳು. ಮಧ್ಯಾಹ್ನ ಚಿತ್ರ ಗ್ರಂಥಾಲಯಕ್ಕೆ ಹೋಯಿತು. ಕಾರ್ಯದರ್ಶಿಗಳು ಬೆಕ್ಕೆಲ್ಲಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಚಿತ್ರವನ್ನು ಅದೇ ಆಟೊದಲ್ಲಿ ವಾಪಸು ಕಳಿಸಿದರು. ವಾಚನಾಲಯದ ಎರಡು ಕಿಟಕಿಗಳ ನಡುವೆ ಈಗ ದೋಣಿಗಳ ಚಿತ್ರವಿದೆ. ಭಾವ ಒಂದು ತಿಂಗಳು ಬೇರೆ ಕ್ಷೌರದಂಗಡಿಗೆ ಹೋದ.

ಶನಿವಾರದ ಪತ್ರಿಕೆಯ ನಾಲ್ಕನೇ ಪುಟದಲ್ಲಿ, ಸೋಮವಾರ ಚಿತ್ರವನ್ನು ಕತ್ತರಿಸಿ ಪ್ರಕಟಿಸಿದ್ದಕ್ಕೆ ವಿಷಾದಿಸುವ ಎರಡು ಸಾಲಿನೊಂದಿಗೆ, ಚಿತ್ರ ಗೋಡೆಸಮೇತ, ಬೆಕ್ಕಿಲ್ಲದೆ, ಇಡಿಯಾಗಿ ಬಂತು. ಮೂರು ಕಾಲಂ ಅಗಲ. ಜಾಗ ಸಾಲದೆ ಒಳಚರಂಡಿ ಕಾಮಗಾರಿಯ ಸುದ್ದಿಯ ಕೊನೆಯ ಎರಡು ಪ್ಯಾರಾಗಳನ್ನು ತೆಗೆಯಲಾಯಿತು.